ಮುಖ್ಯ ಚಿತ್ರಕ್ಕೆ ಮುಂಚಿನ ಹತ್ತು ನಿಮಿಷ: ಓದುಗರ ಪ್ರಶ್ನೆ, ನಮ್ಮ ಉತ್ತರ

ಸಿನಿಮಾಗೆ ಮಾತು ಬಂದ ಹೊಸತರಲ್ಲಿ ಅಮೆರಿಕದಲ್ಲಿ ತೆಗೀತಿದ್ದ ಹತ್ತು ಇಪ್ಪತ್ತು ನಿಮಿಷದ ಶಾರ್ಟ್ ಫಿಲಂಗಳ ಬಗ್ಗೆ, ಅದರಲ್ಲೂ ಕಪ್ಪು ಜನಾಂಗದ ಕಲಾವಿದರನ್ನ ಅವುಗಳಲ್ಲಿ ಹೇಗೆ ತೋರಿಸ್ತಿದ್ರು ಅನ್ನೋದರ ಬಗ್ಗೆ ಹೋದ ಸಂಚಿಕೆಯಲ್ಲಿ ಒಂದು ಪುಟದ ಬರಹ ಹಾಕಿದ್ವಿ. ಅದಕ್ಕೆ ಬಂದ ಪತ್ರ, ಮೆಸೇಜ್ ನೋಡಿ ತುಂಬಾ ಖುಷಿ ಆಯ್ತು. ಎಷ್ಟೋ ಜನ ಚಿತ್ರಗಳನ್ನ ಹುಡುಕಿ ನೋಡಿ ಆಮೇಲೆ ಪ್ರಶ್ನೆ ಕೇಳಿದೀರಿ. ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ (ಬೆಂಗಳೂರಿಂದ): ಆ ಕಾಲದ ದೊಡ್ಡ ಹಾಲಿವುಡ್ ಚಿತ್ರಗಳಲ್ಲಿ ಕಪ್ಪು ಜನ ಅಂದ್ರೆ ಅಡುಗೆಯವರು, ಬಾಗಿಲು ತೆಗೆಯೋರು, ರೈಲಲ್ಲಿ ಸಾಮಾನು ಹೊರೋರು ಅಷ್ಟೇ. ಅದೇ ಕಂಪನಿಗಳ ಶಾರ್ಟ್ ಫಿಲಂ ನೋಡಿದ್ರೆ ಇಡೀ ಚಿತ್ರದಲ್ಲಿ ಅವರೇ. ಇದು ಹೇಗೆ?

ಶಾರ್ಟ್ ಫಿಲಂನ ಯಾರೂ ದೊಡ್ಡದು ಅಂತ ಲೆಕ್ಕಕ್ಕೆ ತಗೊಂಡಿರ್ಲಿಲ್ಲ, ಅದಕ್ಕೇ ಅಲ್ಲಿ ಜಾಗ ಸಿಕ್ತು. ಆಗ ಒಂದು ಟಿಕೆಟ್‌ಗೆ ನ್ಯೂಸ್‌ರೀಲು, ಕಾರ್ಟೂನು, ಒಂದು ಅಥವಾ ಎರಡು ರೀಲಿನ (ಒಂದು ರೀಲು ಅಂದ್ರೆ ಸುಮಾರು ಹನ್ನೊಂದು ನಿಮಿಷ) ಹಾಸ್ಯವೋ ಸಂಗೀತವೋ, ಇವೆಲ್ಲಾ ಆದ್ಮೇಲೆ ಮುಖ್ಯ ಚಿತ್ರ. ಸೌಂಡ್ ಬರೋಕೆ ಮುಂಚೆ ದೊಡ್ಡ ಥಿಯೇಟರ್‌ಗಳಲ್ಲಿ ಸಿನಿಮಾ ಜೊತೆ ಸ್ಟೇಜ್ ಮೇಲೆ ನಿಜವಾದ ಹಾಡು, ಡ್ಯಾನ್ಸು, ಕಾಮಿಡಿ ಎಲ್ಲಾ ಇರ್ತಿತ್ತು, ಅದನ್ನ ವಾಡ್‌ವಿಲ್ ಅಂತಿದ್ರು. ಆ ಕಲಾವಿದರಿಗೆ ವಾರವಾರ ಸಂಬಳ ಕೊಡ್ಬೇಕು, ಊರೂರಿಗೆ ಕಳಿಸ್ಬೇಕು. ಅದೇ ಆಟನ ಒಂದ್ಸಲ ಸೌಂಡ್ ಸಮೇತ ಹಿಡಿದಿಟ್ಕೊಂಡ್ರೆ ಸಾವಿರ ಥಿಯೇಟರ್‌ಗೆ ಕಳಿಸಬಹುದಲ್ವಾ? ವಾರ್ನರ್ ಬ್ರದರ್ಸ್ 1926ರ ಆಗಸ್ಟ್ 6ರಂದು ನ್ಯೂಯಾರ್ಕಲ್ಲಿ ವೈಟಾಫೋನ್ ಅನ್ನೋ ತನ್ನ ಸೌಂಡ್ ಚಿತ್ರದ ವ್ಯವಸ್ಥೆ ಶುರು ಮಾಡಿದ್ದು ಈ ಲೆಕ್ಕಾಚಾರದಲ್ಲೇ. ಅವತ್ತಿನ ಶಾರ್ಟ್‌ಗಳಲ್ಲಿ ಇಟಲಿಯ ಒಪೆರಾ ಗಾಯಕ ಮಾರ್ತಿನೆಲ್ಲಿ ಇದ್ರು, ಪಿಟೀಲು ನುಡಿಸಿದ ಮಿಶಾ ಎಲ್ಮನ್ ಇದ್ರು, ಸ್ಪೇನಿನ ನೃತ್ಯ ಇತ್ತು, ಕಪ್ಪು ಕಲಾವಿದರು ಮಾತ್ರ ಒಬ್ಬರೂ ಇರ್ಲಿಲ್ಲ. ಅದಕ್ಕೆ ಮೂರು ವರ್ಷ ಮುಂಚೆ, 1923ರಲ್ಲೇ, ಲೀ ಡಿ ಫಾರೆಸ್ಟ್ ತಮ್ಮ ಫೋನೋಫಿಲಂ ಅನ್ನೋ ವ್ಯವಸ್ಥೆಯಲ್ಲಿ ನೋಬಲ್ ಸಿಸಲ್ ಮತ್ತು ಯೂಬಿ ಬ್ಲೇಕ್ ಅನ್ನೋ ಕಪ್ಪು ಸಂಗೀತಗಾರರ ಜೋಡಿಯನ್ನ ಚಿತ್ರೀಕರಿಸಿದ್ರು ಅನ್ನೋದನ್ನ ಇದರ ಪಕ್ಕದಲ್ಲಿಟ್ಟು ನೋಡಿ. ಅಂದ್ರೆ ಯಂತ್ರಕ್ಕೆ ತೊಂದ್ರೆ ಇರ್ಲಿಲ್ಲ, ಆಯ್ಕೆ ಮಾಡೋರ ಮನಸ್ಸಲ್ಲಿತ್ತು.

ಇನ್ನೊಂದು ಕಾರಣ ಜಾಗದ್ದು. ಫೀಚರ್ ಚಿತ್ರಗಳು ಹೆಚ್ಚಾಗಿ ಹಾಲಿವುಡ್ಡಲ್ಲಿ ಆಗ್ತಿದ್ವು, ಶಾರ್ಟ್‌ಗಳಲ್ಲಿ ಬಹಳಷ್ಟು ನ್ಯೂಯಾರ್ಕಲ್ಲಿ: ವಾರ್ನರ್ ಅವರದ್ದು ಬ್ರೂಕ್ಲಿನ್ನಲ್ಲಿ, ಪ್ಯಾರಾಮೌಂಟ್ ಅವರದ್ದು ಕ್ವೀನ್ಸಿನ ಆಸ್ಟೋರಿಯಾದಲ್ಲಿ. ಕಪ್ಪು ಜನ ಹೆಚ್ಚಿದ್ದ ಹಾರ್ಲೆಮ್ ಬಡಾವಣೆ ಅಲ್ಲಿಂದ ಸಬ್‌ವೇ ರೈಲಲ್ಲಿ ಹೋಗೋಷ್ಟೇ ದೂರ. ರಾತ್ರಿ ಕ್ಲಬ್ಬಲ್ಲಿ ನುಡಿಸೋ ಬ್ಯಾಂಡು ಹಗಲು ಬಂದು ಒಂದೆರಡು ದಿನದಲ್ಲಿ ಶೂಟಿಂಗ್ ಮುಗಿಸಿ ಹೋಗ್ಬಹುದು, ರಿಹರ್ಸಲ್ ಬೇಡ, ಸೆಟ್ ಜಾಸ್ತಿ ಬೇಡ, ಆ ಕಾಲದ ಅತ್ಯುತ್ತಮ ಜಾಝ್ ಕಲಾವಿದರು ಅಗ್ಗಕ್ಕೆ ಸಿಕ್ತಾರೆ. ಮೂರನೇದು ಕಹಿ ಕಾರಣ. ಶಾರ್ಟ್ ಅನ್ನೋದು ಕಳಚಿಡಬಹುದಾದ ತುಂಡು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಪ್ರೇಕ್ಷಕರನ್ನ ಬಾಲ್ಕನಿಯಲ್ಲಿ ಬೇರೆ ಕೂರಿಸ್ತಿದ್ದ ಥಿಯೇಟರ್ ಮಾಲೀಕನಿಗೆ ಒಂದು ಶಾರ್ಟ್ ಇಷ್ಟ ಆಗ್ಲಿಲ್ಲ ಅಂದ್ರೆ ಅದನ್ನ ಹಾಕೋದೇ ಬೇಡ, ಮುಖ್ಯ ಚಿತ್ರಕ್ಕೆ ಏನೂ ಆಗಲ್ಲ. ಮುಂದೆ 1940ರ ದಶಕದಲ್ಲಿ ಎಂಜಿಎಂ ತನ್ನ ಫೀಚರ್‌ಗಳಲ್ಲಿ ಕಪ್ಪು ಗಾಯಕಿ ಲೀನಾ ಹಾರ್ನ್ ಅವರ ಹಾಡುಗಳನ್ನ ಕಥೆಗೆ ಅಂಟದ ಹಾಗೆ ಬೇರೆಯಾಗಿ ಇಟ್ಟಿದ್ದೂ ಇದೇ ಕಾರಣಕ್ಕೆ, ಬೇಡ ಅಂದ ಊರಲ್ಲಿ ಕತ್ತರಿಸ್ಲಿ ಅಂತ. ಇಡೀ ಚಿತ್ರದಲ್ಲಿ ಅವರೇ ಇರೋದು ಯಾಕೆ ಅಂದ್ರೆ, ಬಿಳಿಯರ ಪಕ್ಕದಲ್ಲಿ ಸಮಾನರಾಗಿ ಅವರನ್ನ ನಿಲ್ಲಿಸೋಕೆ ಯಾರೂ ತಯಾರಿರ್ಲಿಲ್ಲ. ಹಾಗಾಗಿ ಈ ಚಿತ್ರಗಳನ್ನ ನೋಡುವಾಗ ಎಷ್ಟು ಕಪ್ಪು ಮುಖ ಇದೆ ಅಂತ ಎಣಿಸೋದಕ್ಕಿಂತ ಯಾರ ಪಕ್ಕದಲ್ಲಿ ಯಾರು ನಿಂತಿದಾರೆ, ಯಾರಿಗೆ ಅವರ ಸ್ವಂತ ಹೆಸರಿದೆ, ಕ್ಯಾಮೆರಾ ಯಾರ ಕೆಲಸನ ಪೂರ್ತಿ ನೋಡ್ತಿದೆ ಅಂತ ಗಮನಿಸಿ ಅನ್ನೋದು ನನ್ನ ಕೋರಿಕೆ.

ಪ್ರಶ್ನೆ (ಹುಬ್ಬಳ್ಳಿಯಿಂದ): ನಾನು ಒಂದೂ ನೋಡಿಲ್ಲ. ಮೊದಲು ಯಾವುದು ನೋಡ್ಲಿ?

1929ರ ಎರಡು ಚಿತ್ರ, 'ಸೇಂಟ್ ಲೂಯಿಸ್ ಬ್ಲೂಸ್' ಮತ್ತು 'ಬ್ಲ್ಯಾಕ್ ಅಂಡ್ ಟ್ಯಾನ್'. ಎರಡೂ ಡಡ್ಲಿ ಮರ್ಫಿ ಅನ್ನೋ ಬಿಳಿಯ ನಿರ್ದೇಶಕ ತೆಗೆದಿದ್ದು, ಎರಡೂ ಇಪ್ಪತ್ತು ನಿಮಿಷದೊಳಗೇ ಮುಗೀತವೆ.

ಮೊದಲನೇದು ಬೆಸ್ಸಿ ಸ್ಮಿತ್ ಕಾಣಿಸ್ಕೊಂಡ ಒಂದೇ ಒಂದು ಚಿತ್ರ. ಬ್ಲೂಸ್ ಅನ್ನೋ ಕಪ್ಪು ಜನರ ನೋವಿನ ಹಾಡು ಹಾಡೋರಲ್ಲಿ ಅವರನ್ನ ಮಹಾರಾಣಿ ಅಂತ ಕರೀತಿದ್ರು, ಗ್ರಾಮಫೋನ್ ರೆಕಾರ್ಡ್ ಲಕ್ಷಗಟ್ಟಲೆ ಖರ್ಚಾಗ್ತಿದ್ವು, ಆದ್ರೂ ಕ್ಯಾಮೆರಾ ಅವರ ಮುಂದೆ ಬಂದಿದ್ದು ಇದೊಂದೇ ಸಲ, 1937ರಲ್ಲಿ ಮಿಸಿಸಿಪ್ಪಿಯಲ್ಲಿ ಕಾರ್ ಅಪಘಾತದಲ್ಲಿ ಹೋಗ್ಬಿಟ್ರು. ಕಥೆ ಅಂದ್ರೆ ಗಂಡಸು ಮೋಸ ಮಾಡ್ತಾನೆ, ಹೊಡೀತಾನೆ, ದುಡ್ಡು ಕಿತ್ಕೊಂಡು ಹೋಗ್ತಾನೆ, ಹಿನ್ನೆಲೆಯಲ್ಲಿ ಜೂಜು, ಕುಡಿತ. ಕಪ್ಪು ಜನರ ಬದುಕು ಅಂದ್ರೆ ಇಷ್ಟೇ ಅಂತ ಬಿಳಿಯರು ನಂಬಿದ್ದ ಸಾಮಾನುಗಳೆಲ್ಲಾ ಅಲ್ಲಿವೆ. ಆಮೇಲೆ ಬೆಸ್ಸಿ ಬಾರ್ ಕೌಂಟರ್‌ಗೆ ಒರಗಿ ನಿಂತು ಹಾಡೋಕೆ ಶುರು ಮಾಡ್ತಾರೆ ನೋಡಿ, ಮೊದಲು ಬರೀ ದನಿ, ಆಮೇಲೆ ಸುತ್ತ ಕೂತವರೆಲ್ಲಾ ಒಬ್ಬೊಬ್ಬರಾಗಿ ಸೇರ್ಕೊಂಡು ಕೋರಸ್ ಆಗುತ್ತೆ. ಅದು ಹಾಲ್ ಜಾನ್ಸನ್ ಅವರ ತಂಡ, ಸಾಮಾನ್ಯದ್ದಲ್ಲ. ಪಿಯಾನೋದಲ್ಲಿ ಜೇಮ್ಸ್ ಪಿ. ಜಾನ್ಸನ್. ಹಾಡು ಬರೆದ ಡಬ್ಲ್ಯು. ಸಿ. ಹ್ಯಾಂಡಿ ಅವರೇ ಈ ಚಿತ್ರದ ಕೆಲಸದಲ್ಲೂ ಇದ್ರು. ಆ ಕೆಲವು ನಿಮಿಷ ಕಥೆ ಗಿಥೆ ಎಲ್ಲಾ ಬಿದ್ದುಹೋಗಿ ಒಬ್ಬ ದೊಡ್ಡ ಕಲಾವಿದೆ ಮಾತ್ರ ಉಳೀತಾರೆ. ನಾನು ಎಷ್ಟು ಸಲ ನೋಡಿದ್ರೂ ಆ ಜಾಗಕ್ಕೆ ಬಂದಾಗ ಮಾತು ನಿಲ್ಲುತ್ತೆ.

'ಬ್ಲ್ಯಾಕ್ ಅಂಡ್ ಟ್ಯಾನ್' ಜಾಝ್ ಪಿಯಾನೋ ವಾದಕ, ಬ್ಯಾಂಡ್ ನಾಯಕ ಡ್ಯೂಕ್ ಎಲಿಂಗ್ಟನ್ ಅವರ ಮೊದಲ ಚಿತ್ರ. ಶುರುವಲ್ಲಿ ಕಂತು ಕಟ್ಟದ ಪಿಯಾನೋ ತಗೊಂಡು ಹೋಗೋಕೆ ಇಬ್ಬರು ಕಪ್ಪು ಕೂಲಿಗಳು ಬರ್ತಾರೆ, ಅವರಿಗೆ ಓದೋಕೆ ಬರಲ್ಲ, ಒಂದು ಬಾಟ್ಲಿ ಜಿನ್ ಕೊಟ್ರೆ ಸುಮ್ನೆ ವಾಪಸ್ ಹೋಗ್ತಾರೆ, ಇದು ಹಳೇ ಜಾಡಿನ ತಮಾಷೆ. ಅದೇ ರೂಮಲ್ಲಿ ಅದೇ ಫ್ರೇಮಲ್ಲಿ ಡ್ಯೂಕ್ ಮತ್ತು ಟ್ರಂಪೆಟ್ ಬಾರಿಸೋ ಆರ್ಥರ್ ವೆಟ್ಸೆಲ್ ತಮ್ಮ ಪಾಡಿಗೆ ಹೊಸ ಹಾಡು ಕೂರಿಸ್ತಿರ್ತಾರೆ, ಬೆಳಗ್ಗೆ ಎದ್ದು ಕೆಲಸಕ್ಕೆ ಕೂತ ಇಬ್ಬರು ಸಂಗೀತಗಾರರು ಹೇಗಿರ್ತಾರೋ ಹಾಗೆ, ಒಂದು ನಗೆಚಾಟಿಕೆಯೂ ಅವರ ಬಾಯಲ್ಲಿಲ್ಲ. ಡ್ಯೂಕ್ ಇಲ್ಲಿ ಡ್ಯೂಕೇ, ಸ್ವಂತ ಹೆಸರಲ್ಲಿ, ಸೂಟಲ್ಲಿ, ಕಂಪೋಸರ್ ಆಗಿ. ನಾಯಕಿ ಫ್ರೆಡಿ ವಾಷಿಂಗ್ಟನ್, ಹೃದಯದ ಕಾಯಿಲೆ ಇದ್ರೂ ಡ್ಯೂಕ್ ಬ್ಯಾಂಡಿಗೆ ಕೆಲಸ ಉಳೀಲಿ ಅಂತ ಕ್ಲಬ್ಬಲ್ಲಿ ಕುಣಿದು ಪ್ರಾಣ ಬಿಡ್ತಾರೆ. 1929ರಲ್ಲಿ ತ್ಯಾಗ ಮಾಡೋ, ದುಃಖ ಪಡೋ ಹಕ್ಕನ್ನ ಸಿನಿಮಾ ಕಪ್ಪು ಪಾತ್ರಕ್ಕೆ ಕೊಟ್ಟಿದ್ದು ಬಹಳ ಅಪರೂಪ. ಮೈಬಣ್ಣ ತಿಳಿ ಇದ್ದ ಈ ಫ್ರೆಡಿ ವಾಷಿಂಗ್ಟನ್‌ಗೆ 1933ರಲ್ಲಿ ಕಪ್ಪು ನಟ ಪಾಲ್ ರಾಬ್ಸನ್ ಜೊತೆ ನಟಿಸಿದಾಗ ಮುಖಕ್ಕೆ ಕಪ್ಪು ಮೇಕಪ್ ಬಳಿದ್ರು, ಯಾಕಂದ್ರೆ ಪರದೆ ಮೇಲೆ ಬಿಳಿ ಹೆಂಗಸು ಅಂತ ಕಂಡುಬಿಟ್ರೆ ದೊಡ್ಡ ಗಲಾಟೆ ಆಗುತ್ತೆ ಅನ್ನೋ ಭಯ. ಆಕೆ ಬಣ್ಣ ಎಷ್ಟಿರ್ಬೇಕು ಅಂತಾನೂ ಬೇರೆಯವರೇ ತೀರ್ಮಾನ ಮಾಡೋ ಕಾಲ ಅದು.

ಪ್ರಶ್ನೆ (ಮೈಸೂರಿಂದ): ಎಥೆಲ್ ವಾಟರ್ಸ್ ಹಾಡಿದಾರೆ ಅಂತ 'ರೂಫಸ್ ಜೋನ್ಸ್ ಫಾರ್ ಪ್ರೆಸಿಡೆಂಟ್' ನೋಡೋಕೆ ಕೂತೆ. ಅರ್ಧಕ್ಕೇ ಹೊಟ್ಟೆ ತೊಳೆಸಿದ ಹಾಗಾಗಿ ನಿಲ್ಲಿಸಿದೆ. ಇಂಥದ್ದನ್ನ ಇವತ್ತು ನೋಡೋದೇ ಬೇಡ ಅಲ್ವಾ ಮೇಡಂ?

ನಿಮ್ಮ ಸಂಕಟ ಪೂರ್ತಿ ಅರ್ಥ ಆಗುತ್ತೆ, ಮತ್ತೆ ಅದು ಸರಿಯಾದ ಸಂಕಟ. ಆದ್ರೂ ಇನ್ನರ್ಧ ನೋಡಿ ಅಂತ ಕೇಳ್ಕೋತೀನಿ, ಯಾಕೆ ಅಂತ ಹೇಳ್ತೀನಿ.

ನೋಡದೇ ಇರೋರಿಗೆ ಹಿನ್ನೆಲೆ: 1933ರ ವೈಟಾಫೋನ್ ಚಿತ್ರ, ರಾಯ್ ಮ್ಯಾಕ್ ನಿರ್ದೇಶನ. ಬೇರೆ ಮಕ್ಕಳು ಸತಾಯಿಸಿದ್ರು ಅಂತ ಅಳೋ ಹುಡುಗನಿಗೆ ತಾಯಿ, ನೀನು ಮುಂದೆ ಅಮೆರಿಕದ ಪ್ರೆಸಿಡೆಂಟ್ ಆಗಬಹುದು ಕಣೋ ಅಂತ ಸಮಾಧಾನ ಮಾಡ್ತಾಳೆ, ಆಮೇಲೆ ಕನಸಲ್ಲಿ ನಿಜವಾಗ್ಲೂ ಹಾಗೇ ಆಗುತ್ತೆ. ತಾಯಿ ಎಥೆಲ್ ವಾಟರ್ಸ್, ಹುಡುಗ ಏಳು ವರ್ಷದ ಸ್ಯಾಮಿ ಡೇವಿಸ್ ಜೂನಿಯರ್, ಹೌದು, ಮುಂದೆ ಗಾಯಕ, ನಟ ಅಂತ ಪ್ರಪಂಚಕ್ಕೆಲ್ಲಾ ಗೊತ್ತಾದ ಅದೇ ಸ್ಯಾಮಿ ಡೇವಿಸ್. ಕಪ್ಪು ಜನ ಸರ್ಕಾರ ನಡೆಸಿದ್ರೆ ಹೇಗಿರುತ್ತೆ ಅನ್ನೋದನ್ನ ಕೋಳಿ, ಕಲ್ಲಂಗಡಿ, ಪಗಡೆ ಅಂತ ಹಳೇ ಹೀಯಾಳಿಕೆಗಳಲ್ಲೇ ತುಂಬಿಸಿದಾರೆ, ಅದರಲ್ಲಿ ಎರಡು ಮಾತಿಲ್ಲ. ಕನಸು ಅಂತ ಚೌಕಟ್ಟು ಹಾಕಿದ್ದೂ ಬಿಳಿ ಪ್ರೇಕ್ಷಕರಿಗೆ ಭಯ ಆಗ್ಬಾರ್ದು ಅಂತಲೇ ಅನ್ನೋದು ನನ್ನ ಓದು.

ಆದ್ರೆ ಆ ಕನಸಿನ ಸೆನೆಟ್, ಅಂದ್ರೆ ಸಂಸತ್ತಿನ ಮೇಲ್ಮನೆ, ಅದರ ನಡುವೆ ಎಥೆಲ್ ನಿಂತು ಹಾಡ್ತಾರಲ್ಲ, ಅದನ್ನ ಕೇಳಿ. ಹಾರ್ಲೆಮ್ ಬಗ್ಗೆ ಆಗ ಚಾಲ್ತಿಯಲ್ಲಿದ್ದ ಒಂದು ಹಾಡನ್ನ ಅವರು ಎತ್ಕೊಂಡಾಗ ಮೂಲದಲ್ಲಿದ್ದ ಸಾಲುಗಳನ್ನ ತಮಗೆ ಬೇಕಾದ ಹಾಗೆ ಬದಲಾಯಿಸಿ, ಹೊರಗಿನವರು ನಮ್ಮನ್ನ ನೋಡೋ ಹಾಡಿಂದ ನಾವು ನಮ್ಮ ಬಗ್ಗೆ ಹೇಳೋ ಹಾಡು ಮಾಡಿದಾರೆ. ಕಥೆ ಅವರ ಕೈಯಲ್ಲಿರ್ಲಿಲ್ಲ, ಡೈಲಾಗ್ ಇರ್ಲಿಲ್ಲ, ಸೆಟ್ ಇರ್ಲಿಲ್ಲ, ಹಾಡಿನ ಸಾಲು ಮಾತ್ರ ಇತ್ತು, ಅಷ್ಟರಲ್ಲೇ ಮಾಡಬಹುದಾದ್ದನ್ನ ಮಾಡಿದ್ರು. ಆ ಪುಟ್ಟ ಸ್ಯಾಮಿ ಟ್ಯಾಪ್ ಡ್ಯಾನ್ಸ್ ಮಾಡೋದು ನೋಡಿ, ಕಾಲು ನೆಲಕ್ಕೆ ತಾಗುತ್ತೋ ಇಲ್ವೋ ಅನ್ಸುತ್ತೆ. ಈ ಚಿತ್ರನ ನಾವು ನಾಚಿಕೆಯಿಂದ ಮುಚ್ಚಿಟ್ರೆ ಅವಮಾನ ಮಾಡಿದ ಕಂಪನಿಗೆ ಏನೂ ನಷ್ಟ ಇಲ್ಲ, ಕಳೆದುಹೋಗೋದು ಎಥೆಲ್ ವಾಟರ್ಸ್ ಅವರ ಕೆಲಸ.

ಇದೇ ಜಾತಿಯ ಇನ್ನೊಂದು, ಇನ್ನೂ ಕಷ್ಟದ್ದು, 1932ರ 'ಎ ರಾಪ್ಸಡಿ ಇನ್ ಬ್ಲ್ಯಾಕ್ ಅಂಡ್ ಬ್ಲೂ'. ಕೆಲಸಗಳ್ಳ ಗಂಡನ ತಲೆಗೆ ಹೆಂಡತಿ ಹೊಡೀತಾಳೆ, ಅವನು ಕನಸಲ್ಲಿ ಜಾಝ್ ರಾಜ್ಯದ ರಾಜ ಆಗ್ತಾನೆ, ಅಲ್ಲಿ ಸೋಪಿನ ನೊರೆ ನಡುವೆ ಚಿರತೆ ಚರ್ಮ ಉಟ್ಟು ಲೂಯಿ ಆರ್ಮ್‌ಸ್ಟ್ರಾಂಗ್ ನಿಂತಿರ್ತಾರೆ. ಕಾಡುಮನುಷ್ಯನ ವೇಷ. ಅವರು ಆಗಾಗಲೇ ಟ್ರಂಪೆಟ್ ನುಡಿಸೋ ರೀತಿಯನ್ನೇ ಬದಲಾಯಿಸಿದ್ದ ಮನುಷ್ಯ! ಟ್ರಂಪೆಟ್ ತುಟಿಗಿಟ್ಟ ತಕ್ಷಣ ಆ ವೇಷ ನಿಮ್ಮ ಕಣ್ಣಿಗೆ ಕಾಣೋದು ನಿಲ್ಲುತ್ತೆ, ಹಾಡು ಮುಗಿದ ಮೇಲೆ ಮತ್ತೆ ಕಂಡು ಸಿಟ್ಟು ಬರುತ್ತೆ, ಎರಡೂ ಆಗ್ಬೇಕು ಅನ್ನೋದು ನನ್ನ ಅಭಿಪ್ರಾಯ.

ಪ್ರಶ್ನೆ (ಮಂಗಳೂರಿನ ಒಬ್ಬ ಟೀಚರ್): ಚಿಕ್ಕವಳಿದ್ದಾಗ ಮಾವನ ಮನೇಲಿ 'ಲಿಟಲ್ ರಾಸ್ಕಲ್ಸ್' ಕ್ಯಾಸೆಟ್ ನೋಡಿದ ನೆನಪಿದೆ, ಕಪ್ಪು ಬಿಳುಪು, ಮಕ್ಕಳ ಗ್ಯಾಂಗು, ನಾಯಿ. ಕಪ್ಪು ಮಕ್ಕಳೂ ಬಿಳಿ ಮಕ್ಕಳೂ ಒಟ್ಟಿಗೆ ಆಡ್ತಿದ್ರು. ಅದು ಒಳ್ಳೇದೇ ಅಲ್ವಾ? ನಮ್ಮ ಸ್ಕೂಲ್ ಮಕ್ಕಳಿಗೆ ತೋರಿಸಬಹುದಾ?

ಇದು ನನಗೆ ತುಂಬಾ ಇಷ್ಟದ ಪ್ರಶ್ನೆ, ಯಾಕಂದ್ರೆ ಹೌದು ಇಲ್ಲ ಅಂತ ಒಂದೇ ಮಾತಲ್ಲಿ ಹೇಳೋಕಾಗಲ್ಲ.

ಅದರ ಮೂಲ ಹೆಸರು 'ಅವರ್ ಗ್ಯಾಂಗ್'. ಹ್ಯಾಲ್ ರೋಚ್ ಅನ್ನೋ ನಿರ್ಮಾಪಕರು 1922ರಲ್ಲಿ ಮೂಕಿ ಕಾಲದಲ್ಲಿ ಶುರು ಮಾಡಿದ್ರು, 1929ರಲ್ಲಿ ಮಾತು ಬಂತು, 1938ರಲ್ಲಿ ಎಂಜಿಎಂಗೆ ಮಾರಿದ್ರು, 1944ರವರೆಗೆ ನಡೀತು. ಟಿವಿಗೆ ಬಂದಾಗ ಲಿಟಲ್ ರಾಸ್ಕಲ್ಸ್ ಆಯ್ತು. ಶಾಲೆ, ಬಸ್ಸು, ಆಸ್ಪತ್ರೆ ಎಲ್ಲಾ ಬಣ್ಣದ ಲೆಕ್ಕದಲ್ಲಿ ಬೇರೆ ಬೇರೆ ಇದ್ದ ದೇಶದಲ್ಲಿ, ಕಪ್ಪು ಮಗು ಬಿಳಿ ಮಗು ಒಂದೇ ಬೀದಿಯಲ್ಲಿ ಒಂದೇ ಬಂಡಿ ತಳ್ಕೊಂಡು, ಒಂದೇ ತಟ್ಟೆಗೆ ಕೈ ಹಾಕ್ಕೊಂಡು ಇರೋದನ್ನ ವರ್ಷಗಟ್ಟಲೆ ತೋರಿಸಿದ್ದು ಸಣ್ಣ ವಿಷಯ ಅಲ್ಲ. ಅದು ಎಷ್ಟು ದೊಡ್ಡದು ಅಂತ ಅರ್ಥ ಆಗ್ಬೇಕಂದ್ರೆ 1947ಕ್ಕೆ ಹೋಗ್ಬೇಕು: ಅದೇ ಹ್ಯಾಲ್ ರೋಚ್ ಆಮೇಲೆ ಮಕ್ಕಳನ್ನಿಟ್ಟು ತೆಗೆದ 'ಕರ್ಲಿ' ಅನ್ನೋ ಚಿತ್ರನ ಮೆಂಫಿಸ್ ನಗರದ ಸೆನ್ಸಾರ್ ಬೋರ್ಡಿನ ಮುಖ್ಯಸ್ಥ ಲಾಯ್ಡ್ ಬಿನ್‌ಫೋರ್ಡ್ ಬ್ಯಾನ್ ಮಾಡ್ದ, ಕ್ಲಾಸ್‌ರೂಮಲ್ಲಿ ಕಪ್ಪು ಮಕ್ಕಳು ಬಿಳಿ ಮಕ್ಕಳ ಜೊತೆ ಕೂತಿದಾರೆ ಅನ್ನೋ ಒಂದೇ ಕಾರಣಕ್ಕೆ, ಕಂಪನಿ ಕೋರ್ಟಿಗೂ ಹೋಯ್ತು. ಮಕ್ಕಳು ಒಟ್ಟಿಗೆ ಕೂರೋದೇ ಅಪರಾಧ ಆಗಿದ್ದ ಕಡೆ ಈ ಗ್ಯಾಂಗ್ ಇಪ್ಪತ್ತೆರಡು ವರ್ಷ ಓಡಿತು.

ಈಗ ಇನ್ನೊಂದು ಮುಖ. ಕಪ್ಪು ಮಕ್ಕಳಿಗೆ ಇಟ್ಟ ಹೆಸರು ನೋಡಿ: ಫರೀನಾ, ಬಕ್‌ವೀಟ್, ಎರಡೂ ಹಿಟ್ಟು ಧಾನ್ಯದ ಹೆಸರು. ಫರೀನಾ ಪಾತ್ರದ ಆಲನ್ ಹಾಸ್ಕಿನ್ಸ್ ಹುಡುಗ, ಆದ್ರೆ ತಲೆ ತುಂಬಾ ಪುಟ್ಟ ಜಡೆ ಕಟ್ಟಿ, ದೊಗಲೆ ಬಟ್ಟೆ ಹಾಕಿ, ಗಂಡೋ ಹೆಣ್ಣೋ ಗೊತ್ತಾಗದ ಹಾಗೆ ಇಟ್ಟಿದ್ರು. ಬಕ್‌ವೀಟ್ ಪಾತ್ರ ಮಾಡಿದ ಬಿಲ್ಲಿ ಥಾಮಸ್‌ಗೂ ಮೊದಲು ಹಾಗೇ, ಹುಡುಗಿ ವೇಷ, ಆಮೇಲೆ ಹುಡುಗ ಅಂತ ಮಾಡಿದ್ರು. ಹೆದರಿದಾಗ ಕಣ್ಣು ಗುಡ್ಡೆ ದೊಡ್ಡದು ಮಾಡೋದು, ಕಲ್ಲಂಗಡಿ ತಿನ್ನೋದು, ದೆವ್ವಕ್ಕೆ ಕೂದಲು ನಿಮಿರಿ ಬಿಳಿ ಆಗೋದು, ಇವೆಲ್ಲಾ ಸ್ಟೇಜಿನ ಹಳೇ ಅಣಕದಿಂದ ಎತ್ತಿದ್ದು, ಮಗು ಮೈಮೇಲೆ ಹೇರಿದ್ದು.

ಇವರಿಬ್ಬರ ನಡುವೆ ಬಂದ ಹುಡುಗನೇ ನನ್ನ ಪ್ರಕಾರ ಇಡೀ ಸರಣಿಯ ಜೀವ: ಸ್ಟೈಮಿ, ಅಂದ್ರೆ ಮ್ಯಾಥ್ಯೂ ಬಿಯರ್ಡ್, 1930ರಲ್ಲಿ ಐದು ವರ್ಷದವನಿದ್ದಾಗ ಸೇರ್ಕೊಂಡ. ಬೋಳಿಸಿದ ತಲೆ, ದೊಡ್ಡ ಬೌಲರ್ ಹ್ಯಾಟು, ಆ ಹ್ಯಾಟ್ ಲಾರೆಲ್ ಹಾರ್ಡಿ ಜೋಡಿಯ ಸ್ಟ್ಯಾನ್ ಲಾರೆಲ್ ಕೊಟ್ಟಿದ್ದು. ಇವನು ಗ್ಯಾಂಗಲ್ಲಿ ಎಲ್ಲರಿಗಿಂತ ಚುರುಕು. ಐಡಿಯಾ ಹೇಳೋನು ಇವನೇ, ದೊಡ್ಡವರನ್ನ ಮಾತಲ್ಲಿ ಕಟ್ಟಿಹಾಕೋನು ಇವನೇ, ಬೇರೆ ಮಕ್ಕಳು ತಬ್ಬಿಬ್ಬಾದಾಗ ಸುಮ್ನೆ ನಿಂತು ಒಂದು ಮಾತು ಹೇಳಿ ಗೆಲ್ಲೋನೂ ಇವನೇ. ಮೂಕಿ ಇದ್ದಿದ್ರೆ ಈ ಹುಡುಗ ಹೀಗೆ ಕಾಣ್ತಾನೇ ಇರ್ಲಿಲ್ಲ. ಮೂಕಿಯಲ್ಲಿ ಕಪ್ಪು ಮಗು ಅಂದ್ರೆ ಒಂದು ವೇಷ, ಒಂದು ಕಣ್ಣುಗುಡ್ಡೆ. ಮೈಕ್ ಬಂದ ಮೇಲೆ ಟೈಮಿಂಗ್ ಬಂತು, ದನಿ ಬಂತು, ಒಬ್ಬ ವ್ಯಕ್ತಿ ಬಂದ.

ತೋರಿಸಬಹುದಾ ಅಂತ ಕೇಳಿದೀರಿ. ಟಿವಿಗೆ ಮತ್ತೆ ಬಿಡುವಾಗ 1970ರ ದಶಕದ ಶುರುವಲ್ಲಿ ವಿತರಕರು ನೋಯಿಸೋ ದೃಶ್ಯಗಳನ್ನ ಕತ್ತರಿಸಿದ್ರು, ಕೆಲವು ಚಿತ್ರನ ಪೂರ್ತಿ ಹಿಂದಕ್ಕೆ ಇಟ್ರು. ನಾನಾದ್ರೆ 1931, 32ರ ಸ್ಟೈಮಿ ಇರೋ ಒಂದು ಚಿತ್ರ ಆರಿಸಿ, ಮೊದಲು ನೀವು ಒಬ್ಬರೇ ಪೂರ್ತಿ ನೋಡಿ, ಎಂಟನೇ ಕ್ಲಾಸಿಗಿಂತ ದೊಡ್ಡ ಮಕ್ಕಳಿಗೆ ತೋರಿಸಿ, ಈ ಗ್ಯಾಂಗಲ್ಲಿ ಯಾರ ಮನೆ ಕ್ಯಾಮೆರಾಗೆ ಕಾಣುತ್ತೆ, ಯಾರ ಅಪ್ಪ ಅಮ್ಮ ಕಾಣ್ತಾರೆ ಅಂತ ಮಕ್ಕಳಿಗೇ ಕೇಳಿ ಅಂತೀನಿ. ಚಿಕ್ಕ ಮಕ್ಕಳಿಗೆ ಬೇಡ, ಅವರು ಆ ಕಣ್ಣುಗುಡ್ಡೆಗೆ ನಗ್ತಾರೆ, ಆ ನಗು ಎಲ್ಲಿಂದ ಬಂತು ಅಂತ ಬಿಡಿಸಿ ಹೇಳೋಕೆ ಆ ವಯಸ್ಸಲ್ಲಿ ಆಗಲ್ಲ.

ಅಂದ ಹಾಗೆ ಆಲನ್ ಹಾಸ್ಕಿನ್ಸ್ ದೊಡ್ಡವರಾದ ಮೇಲೆ ಸಿನಿಮಾ ಬಿಟ್ಟು ಅಂಗವಿಕಲರಿಗೆ ಕೆಲಸ ಕಲಿಸೋ, ಪುನರ್ವಸತಿ ಕೊಡಿಸೋ ಕೆಲಸದಲ್ಲಿ ಬಾಳು ಕಳೆದ್ರು. ಇದನ್ನೂ ಮಕ್ಕಳಿಗೆ ಹೇಳಿ.

ಪ್ರಶ್ನೆ (ಕಲಬುರಗಿಯಿಂದ): ನಮ್ಮ ಕನ್ನಡ ಸಿನಿಮಾದಾಗ ನಮ್ಮ ಕಡೀ ಮಾತು ಅಂದ್ರ ಕಾಮಿಡಿಗೆ ಅಂತ ಮಾಡ್ಯಾರ. ಅಲ್ಲೂ ಮಾತು ಬಂದ ಮ್ಯಾಲೆ ಹಿಂಗ ಆತೇನ್ರಿ?

ಆಯ್ತು, ಇನ್ನೂ ಕೆಟ್ಟದಾಗಿ ಆಯ್ತು ರೀ. 1929ರಲ್ಲಿ ಕ್ರಿಸ್ಟಿ ಕಂಪನಿ ಬರೀ ಕಪ್ಪು ಕಲಾವಿದರನ್ನ ಹಾಕಿ ಎರಡು ರೀಲಿನ ಮಾತಿನ ಹಾಸ್ಯಚಿತ್ರ ತೆಗೀತು, 'ಮೆಲಂಕಲಿ ಡೇಮ್' ಅಂತ ಒಂದು. ಕಥೆ ಆಕ್ಟೇವಸ್ ರಾಯ್ ಕೋಹೆನ್ ಅನ್ನೋ ಬಿಳಿಯ ಲೇಖಕರದ್ದು, ಕಪ್ಪು ಜನ ಹೀಗೇ ಮಾತಾಡ್ತಾರೆ ಅಂತ ಅವರು ಕಲ್ಪಿಸ್ಕೊಂಡ ಒಂದು ಸೊಟ್ಟ ಭಾಷೆಯಲ್ಲಿ ಪತ್ರಿಕೆಗೆ ಬರೀತಿದ್ರು. ನಟಿಸಿದವರು ಯಾರು ಗೊತ್ತಾ? ಈವ್ಲಿನ್ ಪ್ರೀಯರ್, ಲಫಾಯೆಟ್ ಪ್ಲೇಯರ್ಸ್ ಅನ್ನೋ ಹೆಸರಾಂತ ಕಪ್ಪು ನಾಟಕ ತಂಡದ ನಟಿ, ಕಪ್ಪು ನಿರ್ದೇಶಕ ಆಸ್ಕರ್ ಮಿಶೋ ಅವರ ಮೂಕಿ ಚಿತ್ರಗಳ ನಾಯಕಿ, ಗಂಭೀರ ರಂಗಭೂಮಿಯಲ್ಲಿ ಪಳಗಿದವರು. ಅಂಥವರ ಬಾಯಿಗೆ ಆ ಮಾತು ತುರುಕಿದ್ರು. ಮೂಕಿಯಲ್ಲಿ ನಟಿ ಮುಖದಲ್ಲಿ ತನ್ನ ಘನತೆ ಉಳಿಸ್ಕೋಬಹುದಿತ್ತು, ಟಾಕಿಯಲ್ಲಿ ದನಿಯನ್ನೂ ಬೇರೆಯವರು ಬರೆದುಕೊಟ್ರು. ನಿಮ್ಮ ಕಡೆಯ ನೋವು ನೀವು ಹೇಳಿದ ರೀತಿಯಲ್ಲೇ ಇದೆ, ಅದನ್ನ ಬೇರೆ ಬರಹದಲ್ಲಿ ವಿವರವಾಗಿ ಎತ್ಕೋತೀವಿ.

ಕಪ್ಪು ಜನ ತಾವೇ ಚಿತ್ರ ಮಾಡ್ತಿರ್ಲಿಲ್ವಾ ಅಂತ ತುಮಕೂರಿನ ಒಬ್ಬರು ಕೇಳಿದಾರೆ, ಅದನ್ನೂ ಇಲ್ಲೇ ಹೇಳ್ಬಿಡ್ತೀನಿ. ಮಾಡ್ತಿದ್ರು. ಆಸ್ಕರ್ ಮಿಶೋ 1919ರಿಂದ ತಾವೇ ದುಡ್ಡು ಹೊಂದಿಸಿ, ಡಬ್ಬ ಹೊತ್ಕೊಂಡು ಊರೂರಿಗೆ ಹೋಗಿ ಚಿತ್ರ ತೋರಿಸಿದ ಮನುಷ್ಯ. ಆದ್ರೆ ಸೌಂಡ್ ಬಂದಾಗ ಯಂತ್ರದ ಖರ್ಚು ಏರ್ತು, ಅದರ ಬೆನ್ನಿಗೇ ಆರ್ಥಿಕ ಕುಸಿತ, ಇಂಥ ಸಣ್ಣ ಕಂಪನಿಗಳು ಒಂದೊಂದಾಗಿ ಮುಚ್ಚಿದ್ವು. ಮಿಶೋ ಮಾತ್ರ ಹಟ ಹಿಡಿದು 1931ರಲ್ಲಿ 'ದಿ ಎಕ್ಸೈಲ್' ಅನ್ನೋ ಟಾಕಿ ತಂದ್ರು. ಹೀಗೆ ಕಪ್ಪು ಕಲಾವಿದರ ದನಿ ಪರದೆಗೆ ಬಂದ ಹೊತ್ತಲ್ಲೇ ಕಪ್ಪು ನಿರ್ಮಾಪಕರ ಕೈ ಕಟ್ಟಿಹೋಯ್ತು, ನಾನು ಮೇಲೆ ಹೇಳಿದ ಶಾರ್ಟ್‌ಗಳೆಲ್ಲಾ ಬಿಳಿಯ ನಿರ್ದೇಶಕರದ್ದೇ ಆಗಿದ್ದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ (ಶಿವಮೊಗ್ಗದಿಂದ): ಈ ಹಳೇ ವೈಟಾಫೋನ್ ಚಿತ್ರಗಳಲ್ಲಿ ಎಷ್ಟೋ ಕಳೆದುಹೋಗಿವೆ, ಕೆಲವಕ್ಕೆ ಚಿತ್ರ ಇದೆ ದನಿ ಇಲ್ಲ ಅಂತ ಓದಿದೆ. ಯಾಕೆ ಹೀಗೆ?

ಮೊದಲ ಕೆಲವು ವರ್ಷ ವೈಟಾಫೋನ್ ದನಿ ಫಿಲ್ಮಿನ ಮೇಲೆ ಇರ್ತಿರ್ಲಿಲ್ಲ. 16 ಇಂಚಿನ ದೊಡ್ಡ ಗ್ರಾಮಫೋನ್ ತಟ್ಟೆ, ನಿಮಿಷಕ್ಕೆ 33 ಮತ್ತು ಮೂರನೇ ಒಂದು ಸುತ್ತು, ಒಂದು ತಟ್ಟೆಗೆ ಸುಮಾರು 11 ನಿಮಿಷ, ಅಂದ್ರೆ ಒಂದು ರೀಲು, ಮುಳ್ಳು ಒಳಗಿಂದ ಹೊರಗೆ ಓಡೋದು. ಪ್ರೊಜೆಕ್ಟರ್‌ಗೂ ತಟ್ಟೆಗೂ ಒಂದೇ ಮೋಟಾರು ಕೂಡಿಸಿರ್ತಿದ್ರು. ತಟ್ಟೆ ಬೇಗ ಸವೀತಿತ್ತು, ಒಡೀತಿತ್ತು, ಫಿಲಂ ಒಂದು ಕಡೆ ತಟ್ಟೆ ಒಂದು ಕಡೆ ಆಗ್ತಿತ್ತು. 1991ರಲ್ಲಿ ಶುರುವಾದ ವೈಟಾಫೋನ್ ಪ್ರಾಜೆಕ್ಟ್ ಅನ್ನೋ ಆಸಕ್ತರ ಗುಂಪು ಖಾಸಗಿ ಸಂಗ್ರಹಕಾರರ ಹತ್ರ ಇದ್ದ ತಟ್ಟೆ ಹುಡುಕಿ, ಆರ್ಕೈವ್‌ನಲ್ಲಿ ಮೂಕವಾಗಿ ಬಿದ್ದಿದ್ದ ಫಿಲ್ಮಿಗೆ ಜೋಡಿಸೋ ಪುಣ್ಯದ ಕೆಲಸ ಮಾಡ್ತಿದೆ.

ಪ್ರಶ್ನೆ (ಉಡುಪಿಯಿಂದ): ಬಿಳಿಯರೇ ಮುಖಕ್ಕೆ ಮಸಿ ಬಳ್ಕೊಂಡು ಹಾಡೋದು ಯಾಕೆ ಅಷ್ಟೊಂದು ಜನಪ್ರಿಯ ಆಗಿತ್ತು? ಮತ್ತೆ ಬೇರೆ ಸಮುದಾಯದವರ ಕಥೆ ಏನು?

ಅದು ಸಿನಿಮಾಗಿಂತ ಎಷ್ಟೋ ದಶಕ ಹಳೇದು, ಮಿನ್‌ಸ್ಟ್ರೆಲ್ ಶೋ ಅಂತ ಸ್ಟೇಜಲ್ಲಿ ನಡೀತಿದ್ದ ಅಣಕ. ಗುಲಾಮರ ತೋಟದ ಬದುಕನ್ನ ಸುಖದ ಬದುಕು ಅಂತ ತೋರಿಸಿ ಬಿಳಿ ಪ್ರೇಕ್ಷಕರ ಮನಸ್ಸಾಕ್ಷಿ ಹಗುರ ಮಾಡೋದೇ ಅದರ ಕೆಲಸ ಆಗಿತ್ತು ಅಂತ ನನಗನ್ನಿಸುತ್ತೆ. ಬಿಳಿಯ ಗಾಯಕ ಆಲ್ ಜೋಲ್ಸನ್ 1926ರ ಅಕ್ಟೋಬರಲ್ಲಿ, ಅವರ ಹೆಸರಾಂತ ಮಾತಿನ ಚಿತ್ರ 'ಜಾಝ್ ಸಿಂಗರ್'ಗೂ ಒಂದು ವರ್ಷ ಮುಂಚೆ, 'ಎ ಪ್ಲಾಂಟೇಶನ್ ಆಕ್ಟ್' ಅನ್ನೋ ವೈಟಾಫೋನ್ ಶಾರ್ಟಲ್ಲಿ ಹರಿದ ಬಟ್ಟೆ, ಮಸಿ ಮುಖದಲ್ಲಿ ಹಾಡ್ತಾರೆ. ಇದೂ ಕಳೆದುಹೋಗಿ, ತಟ್ಟೆ ಒಡೆದಿದ್ದನ್ನ ಅಂಟಿಸಿ ಮತ್ತೆ ಬದುಕಿಸಿದ ಚಿತ್ರ. ಜೋಲ್ಸನ್ ಯಹೂದಿ ವಲಸಿಗರು, ಚರ್ಚಿನ ದೇಶದಲ್ಲಿ ತಾವೂ ಹೊರಗಿನವರೇ. ಅವರ ಸಮುದಾಯದ ಘನತೆಯ ಚಿತ್ರಣ ನೋಡ್ಬೇಕಂದ್ರೆ 1927ರಲ್ಲಿ ಯೋಸೆಲೆ ರೋಸೆನ್‌ಬ್ಲಾಟ್ ವೈಟಾಫೋನ್‌ಗೆ ಹಾಡಿದ್ದನ್ನ ಕೇಳಿ. ಅವರು ಯಹೂದಿ ಮಂದಿರದಲ್ಲಿ ಪ್ರಾರ್ಥನೆ ಹಾಡಿಸೋ ಗಾಯಕರು, ವೇಷ ಇಲ್ಲ, ತಮಾಷೆ ಇಲ್ಲ, ಗಡ್ಡ ಬಿಟ್ಟ ಒಬ್ಬ ಭಕ್ತ ನಿಂತು ಹಾಡ್ತಾರೆ ಅಷ್ಟೇ. ಒಂದೇ ಕಂಪನಿ, ಒಂದೇ ಕಾಲ, ಒಬ್ಬರನ್ನ ಅವರ ಪಾಡಿಗೆ ಬಿಟ್ಟು ತೆಗೆದಿದಾರೆ, ಇನ್ನೊಂದು ಸಮುದಾಯನ ಅವರು ಇಲ್ಲದೇನೇ ಆಡಿ ತೋರಿಸಿದಾರೆ.

ಪ್ರಶ್ನೆ (ಹೆಗ್ಗಡದೇವನಕೋಟೆಯಿಂದ): ನಮ್ಮ ಕಡೆಯ ಸಾಬು ಇದರಲ್ಲಿ ಬರ್ತಾರಾ?

ಸಾಬು ನಟಿಸಿದ್ದು ಫೀಚರ್ ಚಿತ್ರ, ಆದ್ರೂ ಕೇಳಿದ್ದು ಸರಿಯೇ. ಮೈಸೂರು ಸಂಸ್ಥಾನದ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ, ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ತಂಡದ ಕಣ್ಣಿಗೆ ಬಿದ್ದು 1937ರ 'ಎಲಿಫೆಂಟ್ ಬಾಯ್'ನ ನಾಯಕ ಆದ. ಅವನ ಸುತ್ತ ಭಾರತೀಯರ ಪಾತ್ರ ಮಾಡಿದವರಲ್ಲಿ ಬಹಳ ಜನ ಬಣ್ಣ ಬಳ್ಕೊಂಡ ಇಂಗ್ಲಿಷ್ ನಟರು. ಆ ಚಿತ್ರದಲ್ಲಿ ನಮ್ಮ ಕಾಡು ನಿಜ, ಆನೆ ನಿಜ, ಹುಡುಗ ನಿಜ.

ಪ್ರಶ್ನೆ (ದಾವಣಗೆರೆಯಿಂದ): ಕಪ್ಪು ಬಿಳಿ ಕಲಾವಿದರು ಒಟ್ಟಿಗೆ ನುಡಿಸಿದ ಶಾರ್ಟ್ ಒಂದೂ ಇಲ್ವಾ? ಯಾವಾಗ ಬದಲಾಯ್ತು?

ಬಹಳ ನಿಧಾನಕ್ಕೆ. ಮೊದಲು 1935ಕ್ಕೆ ಬನ್ನಿ, 'ಸಿಂಫನಿ ಇನ್ ಬ್ಲ್ಯಾಕ್', ಪ್ಯಾರಾಮೌಂಟ್, ಒಂಬತ್ತೇ ನಿಮಿಷ. ಡ್ಯೂಕ್ ಎಲಿಂಗ್ಟನ್ ಒಂದು ದೊಡ್ಡ ಕೃತಿ ಬರೀತಾ ಕೂತಿರ್ತಾರೆ, ಕೂಲಿಗಳು, ಪ್ರೀತಿಯ ಜಗಳ, ಪ್ರಾರ್ಥನೆ, ಹಾರ್ಲೆಮ್ ಕುಣಿತ ಅಂತ ನಾಲ್ಕು ಭಾಗ. ಎರಡನೇ ಭಾಗದಲ್ಲಿ ಬೀದಿಯಲ್ಲಿ ತಳ್ಳಿಸ್ಕೊಂಡು ಬಿದ್ದು ಹಾಡೋ ಹುಡುಗಿ ಮುಂದೆ ದೊಡ್ಡ ಜಾಝ್ ಗಾಯಕಿ ಆದ ಬಿಲ್ಲಿ ಹಾಲಿಡೇ, ಆಗಿನ್ನೂ ಹೆಸರು ಮಾಡಿರ್ಲಿಲ್ಲ. ಇದರಲ್ಲಿ ಹೀಯಾಳಿಸೋ ತಮಾಷೆ ಇಲ್ಲ, ಕಪ್ಪು ಮನುಷ್ಯ ಕಂಪೋಸರ್ ಆಗಿ ತನ್ನ ಜನರ ಬಗ್ಗೆ ತಾನೇ ಬರೀತಾನೆ, ಆರು ವರ್ಷದಲ್ಲಿ ಅಷ್ಟು ದೂರ ಬಂದಿತ್ತು. ಆದ್ರೆ 1934ರಿಂದ ಬಿಗಿಯಾಗಿ ಜಾರಿ ಆದ ಹೇಸ್ ಕೋಡ್, ಅಂದ್ರೆ ಹಾಲಿವುಡ್ ತನಗೆ ತಾನೇ ಹಾಕ್ಕೊಂಡ ನೀತಿ ನಿಯಮ, ಕಪ್ಪು ಬಿಳಿ ಗಂಡು ಹೆಣ್ಣಿನ ಸಂಬಂಧ ತೋರಿಸೋದನ್ನೇ ನಿಷೇಧಿಸಿತ್ತು, ಜೊತೆಗೆ ನುಡಿಸೋಕೆ ಅಂಥ ನಿಯಮ ಇಲ್ದಿದ್ರೂ ಕಂಪನಿಗಳು ಹೆದರ್ತಿದ್ವು.

ಎಷ್ಟು ಹೆದರ್ತಿದ್ವು ಅಂದ್ರೆ, 1944ರಲ್ಲಿ ವಾರ್ನರ್‌ಗೋಸ್ಕರ ಫೋಟೋಗ್ರಾಫರ್ ಗ್ಯಾನ್ ಮಿಲಿ ತೆಗೆದ 'ಜ್ಯಾಮಿನ್ ದ ಬ್ಲೂಸ್' ನೋಡಿ. ಹತ್ತು ನಿಮಿಷ, ಹೊಗೆ, ನೆರಳು, ಬೆಳಕು, ಲೆಸ್ಟರ್ ಯಂಗ್ ಹ್ಯಾಟ್ ಹಾಕ್ಕೊಂಡು ಸ್ಯಾಕ್ಸಫೋನ್ ಎತ್ತೋದು; ಕಥೆ ಇಲ್ಲ, ಕನಸಿನ ನೆಪ ಇಲ್ಲ, ಚಿರತೆ ಚರ್ಮ ಇಲ್ಲ, ಸಂಗೀತಗಾರರು ಕೆಲಸ ಮಾಡೋದನ್ನ ಕ್ಯಾಮೆರಾ ಗೌರವದಿಂದ ನೋಡುತ್ತೆ. ಆಸ್ಕರ್‌ಗೂ ನಾಮಿನೇಟ್ ಆಯ್ತು. ಆ ತಂಡದಲ್ಲಿ ಒಬ್ಬರೇ ಬಿಳಿಯರಿದ್ರು, ಗಿಟಾರ್ ನುಡಿಸಿದ ಬಾರ್ನಿ ಕೆಸಲ್. ಅವರನ್ನ ತೆಗೀರಿ ಅನ್ನೋ ಒತ್ತಡ ಬಂತು, ಕೊನೆಗೆ ಅವರ ಮುಖ ಕಾಣದ ಹಾಗೆ ನೆರಳಲ್ಲಿ ಕೂರಿಸಿ, ಕೈ ಹತ್ತಿರದಿಂದ ತೋರಿಸೋವಾಗ ಬೆರ್ರಿ ಹಣ್ಣಿನ ರಸ ಬಳಿದು ಕಪ್ಪಾಗಿ ಕಾಣೋ ಹಾಗೆ ಮಾಡಿದ್ರು. ಈ ಚಿತ್ರಕ್ಕೆ ಸಂಗೀತಗಾರರನ್ನ ಒಟ್ಟುಗೂಡಿಸಿದ ನಾರ್ಮನ್ ಗ್ರಾಂಝ್ ಅದೇ ವರ್ಷ ಲಾಸ್ ಏಂಜಲಿಸ್‌ನಲ್ಲಿ 'ಜಾಝ್ ಅಟ್ ದಿ ಫಿಲ್ಹಾರ್ಮೋನಿಕ್' ಕಛೇರಿಗಳನ್ನ ಶುರು ಮಾಡಿದ್ರು. ಸ್ಟೇಜಲ್ಲಿ ಕಪ್ಪು ಬಿಳಿ ಒಟ್ಟಿಗೆ, ಸಂಬಳ ಒಂದೇ, ಪ್ರೇಕ್ಷಕರನ್ನ ಬಣ್ಣ ನೋಡಿ ಬೇರೆ ಕೂರಿಸ್ತೀವಿ ಅಂದ ಊರಲ್ಲಿ ಕಾರ್ಯಕ್ರಮನೇ ಇಲ್ಲ ಅಂತ ಅವರು ಹಟ ಹಿಡಿದ್ರು, ಕಾಂಟ್ರಾಕ್ಟಲ್ಲೇ ಬರೆಸ್ಕೊಂಡ್ರು.